‘ಶುಲ್ಕ ಕಟ್ಟಿದರೆ ಮುದ್ರಾ ಸಾಲ ಮಂಜೂರು’ ಎಂಬ ಪತ್ರ ನಿಜವೇ? ಅಂಗಡಿಗೆ ಸಾಲ ಬೇಕಿದ್ದವರು ತಿಳಿಯಬೇಕಾದ್ದು

ದೀಪಾವಳಿಗೆ ತಿಂಗಳಿದೆ ಎನ್ನುವಾಗ ಕಿರಾಣಿ ಅಂಗಡಿಯವರಿಗೆ ಸರಕಿನ ಚಿಂತೆ ಶುರುವಾಗುತ್ತದೆ. ಎಣ್ಣೆ, ಸಕ್ಕರೆ, ಬೇಳೆ ಮೊದಲೇ ತಂದಿಡಬೇಕು, ಆದರೆ ಕೈಯಲ್ಲಿ ದುಡ್ಡಿರುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪತ್ರ ಬರುತ್ತದೆ. ಮೇಲೆ ಸರ್ಕಾರಿ ಲಾಂಛನ, ಕೆಳಗೆ ಮೊಹರು, ನಡುವೆ ನಿಮ್ಮದೇ ಹೆಸರು. ‘ಪ್ರಧಾನಮಂತ್ರಿ ಮುದ್ರಾ ಯೋಜನೆಯಡಿ ನಿಮ್ಮ ಸಾಲ ಮಂಜೂರಾಗಿದೆ. ಪರಿಶೀಲನಾ ಶುಲ್ಕ ಕಟ್ಟಿದ ಕೂಡಲೇ ಹಣ ಖಾತೆಗೆ ಜಮಾ ಆಗುತ್ತದೆ’ ಎಂದು ಅದರಲ್ಲಿರುತ್ತದೆ.

ನಮಗೂ ಇಂಥ ಪತ್ರಗಳು ಬಂದಿವೆ. ‘ಇದು ನಿಜವಾ, ಕಟ್ಟಬಹುದಾ?’ ಎಂದು ಕೇಳಿದವರೆಲ್ಲ ಹೆಚ್ಚು ಕಡಿಮೆ ಮನೆಮಂದಿಯೇ ಸೇರಿ ಅಂಗಡಿ ನಡೆಸುವವರು. ಹಾಗಾಗಿ ಪತ್ರದ ಸತ್ಯಾಸತ್ಯದ ಜೊತೆಗೆ, ಸಾಲ ಪಡೆಯುವ ನಿಜವಾದ ದಾರಿಯನ್ನೂ ಇಲ್ಲಿ ವಿವರಿಸಿದ್ದೇವೆ.

ಪತ್ರ ನಕಲಿ ಎಂದು ಹೇಳುವುದು ಹೇಗೆ?

ಮುದ್ರಾ ಸಂಸ್ಥೆ ಯಾರಿಗೂ ನೇರವಾಗಿ ಸಾಲ ಕೊಡುವುದಿಲ್ಲ. ಸಾಲ ಕೊಡುವ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಗೆ ಅದು ಮರುಹಣಕಾಸು ಒದಗಿಸುತ್ತದೆ, ಅಷ್ಟೇ. ನಿಮ್ಮ ಅರ್ಜಿ ನೋಡುವುದು, ಸಾಲ ಮಂಜೂರು ಮಾಡುವುದು ಎಲ್ಲವೂ ಬ್ಯಾಂಕಿನ ಕೆಲಸ. ಆದ್ದರಿಂದ ಮುದ್ರಾ ಹೆಸರಿನಲ್ಲಿ ನಿಮ್ಮ ಮೊಬೈಲ್‌ಗೆ ಮಂಜೂರಾತಿ ಪತ್ರ ಬರುವುದಕ್ಕೆ ಸಾಧ್ಯವೇ ಇಲ್ಲ. ಯೋಜನೆಗೆ ಏಜೆಂಟರನ್ನು ನೇಮಿಸಿಲ್ಲ ಎಂದು ಮುದ್ರಾ ಸಂಸ್ಥೆಯೇ ಹೇಳಿದೆ. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಕೂಡ ಇಂಥ ಪತ್ರಗಳು ನಕಲಿ ಎಂದು ಒಂದಕ್ಕಿಂತ ಹೆಚ್ಚು ಬಾರಿ ಎಚ್ಚರಿಸಿದೆ.

ಇನ್ನೊಂದು ಸುಲಭ ಗುರುತೂ ಇದೆ. ಬ್ಯಾಂಕ್ ಶುಲ್ಕ ತೆಗೆದುಕೊಂಡರೆ ಅದಕ್ಕೆ ಲೆಕ್ಕ ಇರುತ್ತದೆ, ಅದು ಯಾರದೋ ಫೋನ್ ನಂಬರಿಗೆ ಹೋಗುವುದಿಲ್ಲ. ಶಿಶು ವಿಭಾಗದ ಸಾಲಕ್ಕಂತೂ ಬಹುತೇಕ ಬ್ಯಾಂಕುಗಳು ಸಂಸ್ಕರಣಾ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ. ಸಾಲ ಕೊಡುವ ಮೊದಲೇ ನಿಮ್ಮಿಂದ ದುಡ್ಡು ಕೇಳುವವರು ಸಾಲ ಕೊಡುವವರಲ್ಲ.

ಹಾಗಾದರೆ ಮುದ್ರಾ ಯೋಜನೆ ಎಂದರೇನು?

ಇದು 2015ರ ಏಪ್ರಿಲ್ 8ರಂದು ಶುರುವಾದ ಯೋಜನೆ. 50 ಸಾವಿರ ರೂಪಾಯಿವರೆಗಿನ ಸಾಲಕ್ಕೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂದು ಹೆಸರು. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ಕೊಡುವ ‘ತರುಣ ಪ್ಲಸ್’ 2024ರಲ್ಲಿ ಸೇರಿತು. ಕಿರಾಣಿ, ಬಟ್ಟೆ, ಸ್ಟೇಷನರಿಯಂಥ ಚಿಲ್ಲರೆ ವ್ಯಾಪಾರಕ್ಕೂ ಇದು ಸಿಗುತ್ತದೆ.

ಇದರ ಬಗ್ಗೆ ಹರಿದಾಡುವ ಮೂರು ತಪ್ಪು ಮಾತುಗಳಿವೆ.

‘ಬಡ್ಡಿ ಇಲ್ಲ’: ಸುಳ್ಳು. ಬಡ್ಡಿ ಇದೆ, ದರವನ್ನು ಆಯಾ ಬ್ಯಾಂಕ್ ನಿಗದಿ ಮಾಡುತ್ತದೆ.

‘ಸಬ್ಸಿಡಿ ಸಿಗುತ್ತದೆ’: ಸುಳ್ಳು. ಸಬ್ಸಿಡಿ ಇರುವುದು ಹೊಸ ಘಟಕ ಆರಂಭಿಸಲು ಇರುವ ಪಿಎಂಇಜಿಪಿಯಂಥ ಬೇರೆ ಯೋಜನೆಗಳಲ್ಲಿ.

‘ಅಡಮಾನ ಇಲ್ಲ, ಹಾಗಾಗಿ ಕಟ್ಟದಿದ್ದರೂ ನಡೆಯುತ್ತದೆ’: ಅರ್ಧಸತ್ಯ, ಹೆಚ್ಚು ಅಪಾಯ. ಮನೆ, ಚಿನ್ನ ಅಡ ಇಡಬೇಕಿಲ್ಲ ಎಂಬುದು ನಿಜ. ಸರ್ಕಾರದ ಖಾತರಿ ನಿಧಿಯೂ ಇದೆ. ಆದರೆ ಆ ಖಾತರಿ ಬ್ಯಾಂಕಿಗೆ, ನಿಮಗಲ್ಲ. ಕಂತು ತಪ್ಪಿದರೆ ಸಿಬಿಲ್ ಅಂಕ ಕುಸಿಯುತ್ತದೆ, ನಾಳೆ ಮಗಳ ಓದಿಗೆ ಸಾಲ ಬೇಕಾದಾಗ ಅದೇ ಅಡ್ಡ ಬರುತ್ತದೆ.

‘ದಿನಕ್ಕೆ ನೂರೇ ರೂಪಾಯಿ’ ಲೆಕ್ಕ

ಬ್ಯಾಂಕಿಗೆ ಅಲೆಯುವುದು ಬೇಡವೆಂದು ಎಷ್ಟೋ ಅಂಗಡಿಯವರು ದಿನವಹಿ ಸಾಲಕ್ಕೆ ಕೈ ಚಾಚುತ್ತಾರೆ. ಕೈಗೆ 9,000 ಕೊಡುತ್ತಾರೆ, ದಿನಕ್ಕೆ 100ರಂತೆ 100 ದಿನ ವಸೂಲಿ ಮಾಡುತ್ತಾರೆ ಎಂದುಕೊಳ್ಳಿ. ‘ಸಾವಿರ ರೂಪಾಯಿ ತಾನೇ ಬಡ್ಡಿ’ ಅನ್ನಿಸುತ್ತದೆ. ಆದರೆ ನೀವು ಮರುದಿನದಿಂದಲೇ ಅಸಲು ತೀರಿಸುತ್ತಿದ್ದೀರಿ, 9,000 ನಿಮ್ಮ ಬಳಿ ನೂರು ದಿನ ಇರುವುದೇ ಇಲ್ಲ. ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ. 77ರ ಬಡ್ಡಿ.

‘ಫ್ಲಾಟ್’ ಬಡ್ಡಿಯಲ್ಲೂ ಇದೇ ಆಟ. 1 ಲಕ್ಷಕ್ಕೆ ಶೇ. 12 ಫ್ಲಾಟ್ ಎಂದರೆ ವರ್ಷಕ್ಕೆ 12,000 ಬಡ್ಡಿ. ಅದೇ ಶೇ. 12 ಇಳಿಕೆ ಬಾಕಿಯ ಮೇಲೆ ಆದರೆ, 12 ಕಂತುಗಳಲ್ಲಿ ಕಟ್ಟುವ ಬಡ್ಡಿ ಸುಮಾರು 6,600 ಮಾತ್ರ. ಆದ್ದರಿಂದ ‘ಎಷ್ಟು ಪರ್ಸೆಂಟ್’ ಎಂದು ಕೇಳಿ ಸುಮ್ಮನಾಗಬೇಡಿ, ‘ಫ್ಲಾಟಾ, ಇಳಿಕೆಯಾ’ ಎಂದೂ ಕೇಳಿ. 2024ರ ಅಕ್ಟೋಬರ್ 1ರಿಂದ ಸಣ್ಣ ಉದ್ಯಮಗಳ ಅವಧಿ ಸಾಲಕ್ಕೆ, ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವಿರುವ ಮುಖ್ಯಾಂಶಗಳ ಹಾಳೆಯನ್ನು ಕೊಡಲೇಬೇಕು ಎಂದು ಆರ್‌ಬಿಐ ನಿಯಮ ಮಾಡಿದೆ. ಅದನ್ನು ಓದದೆ ಸಹಿ ಹಾಕಬೇಡಿ.

ಬ್ಯಾಂಕಿಗೆ ಹೋಗುವ ಮುನ್ನ

ಮೊದಲು ನಿಮ್ಮ ಖಾತೆ ಇರುವ ಶಾಖೆಗೇ ಹೋಗಿ. ಜನ ಸಮರ್ಥ್ ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಆಧಾರ್, ಪ್ಯಾನ್, ಅಂಗಡಿಯ ಪರವಾನಗಿ, ಖಾತೆಯ ವಿವರ, ತರಬೇಕಾದ ಸರಕಿನ ಕೊಟೇಶನ್ ಜೊತೆಗಿರಲಿ. ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. 2021ರಿಂದ ಚಿಲ್ಲರೆ ವ್ಯಾಪಾರಿಗಳೂ ಇದಕ್ಕೆ ಅರ್ಹರು. ಸರ್ಕಾರಿ ಜಾಲತಾಣದಲ್ಲಿ ಇದು ಪೂರ್ತಿ ಉಚಿತ. ಹಣ ಕೇಳುವ ತಾಣ ಸರ್ಕಾರದ್ದಲ್ಲ.

ಬ್ಯಾಂಕಿನವರು ಮುಖ್ಯವಾಗಿ ನೋಡುವುದು ವ್ಯಾಪಾರ ನಡೆಯುತ್ತಿದೆಯೇ ಎಂಬುದನ್ನು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದಲ್ಲಿ ಜಿಎಸ್‌ಟಿ ನೋಟಿಸ್ ಬಂದಾಗ ಕರ್ನಾಟಕದ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದುಹಾಕಿದವು. ಆ ಭಯ ಅರ್ಥವಾಗುತ್ತದೆ. ಆದರೆ ಎಲ್ಲವೂ ನಗದಾದರೆ ನಿಮ್ಮ ವ್ಯಾಪಾರ ಬ್ಯಾಂಕಿಗೂ ಕಾಣುವುದಿಲ್ಲ. ಅಪ್ಪನ ಖಾತೆಗೆ ಸ್ವಲ್ಪ, ಮಗನ ಖಾತೆಗೆ ಸ್ವಲ್ಪ ಎಂದು ಹಂಚಿಹೋಗುವ ಬದಲು ಎಲ್ಲವೂ ಅಂಗಡಿಯ ಒಂದೇ ಖಾತೆಗೆ ಬರಲಿ. ಖರೀದಿ ಬಿಲ್ಲು, ಉದ್ರಿ ಪುಸ್ತಕವನ್ನೂ ಜೋಪಾನವಾಗಿಡಿ.

ಫ್ರಿಜ್ಜು, ಕಪಾಟಿಗೆ ಕಂತಿನ ಸಾಲ ಸರಿ. ಹಬ್ಬದ ಸರಕಿಗಾದರೆ ಓವರ್‌ಡ್ರಾಫ್ಟ್ ಕೇಳಿ ನೋಡಿ. ಬಳಸಿದಷ್ಟಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ ಬೀಳುತ್ತದೆ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ, ಸರಿಪಡಿಸಿಕೊಂಡು ಮತ್ತೆ ಹೋಗಿ.

ಈಗಾಗಲೇ ಹಣ ಕಳಿಸಿದ್ದರೆ?

ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ದೂರು ಕೊಟ್ಟಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಸಾಲ ಕೊಟ್ಟವರು ಮನೆಗೆ ಬಂದು ಬೆದರಿಸುತ್ತಿದ್ದರೆ ಪೊಲೀಸರಿಗೆ ದೂರು ಕೊಡಿ. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕದಲ್ಲಿ 2025ರಿಂದ ಪ್ರತ್ಯೇಕ ಕಾನೂನೇ ಇದೆ.

ಆ ಪತ್ರ ನಿಮ್ಮ ಗ್ರೂಪಿಗೆ ಬಂದರೆ ‘ಯಾರಿಗಾದರೂ ಉಪಯೋಗವಾಗಲಿ’ ಎಂದು ಮುಂದೆ ಕಳಿಸಬೇಡಿ. ಉಪಯೋಗವಾಗುವುದು ವಂಚಕರಿಗೆ ಮಾತ್ರ. ಅದನ್ನು ಕಳಿಸಿದವರಿಗೆ ಈ ಲೇಖನ ಕಳಿಸಿ. ಬಹುಶಃ ಅವರ ಮನೆಯಲ್ಲೂ ಯಾರಿಗೋ ಸಾಲ ಬೇಕಾಗಿರುತ್ತದೆ.