ಬೇಸ್ ಗಿಟಾರಿನ ಮೇಲೆ ಎರಡು ಕೈ



ಜಾತ್ರಿಯೊಳಗ, ಗಣೇಶನ ಹಬ್ಬದಾಗ ನಾವೆಲ್ಲ ರಸಮಂಜರಿ ನೋಡೀವಿ. ಹಾಡೋರು ಮುಂದೆ ನಿಂತಿರ್ತಾರ. ಒಂದು ಕಡೆ ಕೀಬೋರ್ಡ್, ಇನ್ನೊಂದು ಕಡೆ ಡ್ರಮ್. ಎಲ್ಲರ ಹಿಂದೆ ಉದ್ದ ಕುತ್ತಿಗೆಯ, ನಾಕೇ ತಂತಿಯ ಗಿಟಾರ್ ಹಿಡಿದು ಒಬ್ಬ ಇರ್ತಾನ. ಅವನ ಕಡೆ ಯಾರೂ ನೋಡೋದಿಲ್ಲ. ಆದರೆ ಅವನು ನಿಲ್ಲಿಸಿದರೆ ಹಾಡು ತಳ ಇಲ್ಲದ ಕೊಡ ಆಗ್ತದ. ಅವನ ಕೈಯಾಗಿರೋದೇ ಬೇಸ್ ಗಿಟಾರ್. 1981ರಲ್ಲಿ ಬಂದ ‘ಗೀತಾ’ ಸಿನಿಮಾದ ಹಾಡು ಕೇಳ್ರಿ. ಸಂಗೀತ ಇಳಯರಾಜ ಅವರದು. ಹಾಡಿನ ಮಾತು ಬಿಟ್ಟು ಕೆಳಗಿನ ದಪ್ಪ ದನಿ ಅಷ್ಟೇ ಹಿಡಿರಿ, ಗೊತ್ತಾಗ್ತದ.

ನಮ್ಮ ಕಾಕಾ ಇದನ್ನೇ ನುಡಿಸುತ್ತಿದ್ದ. ಈಗ ಕೀಬೋರ್ಡಿನಾಗೇ ಬೇಸ್ ದನಿ ಬರ್ತದ, ಒಬ್ಬನ ಪಗಾರ ಉಳಿತದ ಅಂತ ಅವನನ್ನ ಕರೆಯೋದು ಬಿಟ್ಟರು. ಎರಡು ವರ್ಷದಿಂದ ಗಿಟಾರ್ ಗೂಟಕ್ಕೆ ನೇತಾಡ್ತಿತ್ತು. ನನಗೆ ಕಲಿಸು ಅಂದೆ. “ಒಂಟಿ ಬೇಸ್ ಯಾರು ಕೇಳ್ತಾರಲೇ? ಮ್ಯಾಲೆ ಹಾಡು ಬೇಕಲ್ಲ!” ಅಂದ.

ಮ್ಯಾಲಿನ ಹಾಡು, ಕೆಳಗಿನ ಬೇಸ್ ಎರಡೂ ಒಬ್ಬನೇ ನುಡಿಸುವ ಒಂದು ದಾರಿ ಐತಿ. ಅದಕ್ಕೆ ‘ಎರಡು ಕೈ ಟ್ಯಾಪಿಂಗ್’ ಅಂತಾರೆ. ನಾನು ಕಲಿತಷ್ಟು ಇಲ್ಲಿ ಬರೆದೀನಿ.

ಟ್ಯಾಪಿಂಗ್ ಎಂದರೇನು?

ಸಾಮಾನ್ಯವಾಗಿ ಗಿಟಾರಿನಲ್ಲಿ ಎಡಗೈ ತಂತಿ ಒತ್ತುತ್ತದೆ, ಬಲಗೈ ಮೀಟುತ್ತದೆ. ಇಬ್ಬರು ಸೇರಿ ಒಂದೇ ಕೆಲಸ ಮಾಡಿದಂಗ. ಟ್ಯಾಪಿಂಗಿನಲ್ಲಿ ಮೀಟುವುದೇ ಇಲ್ಲ. ಬೆರಳ ತುದಿಯಿಂದ ತಂತಿಯನ್ನು ಲೋಹದ ಮೆಟ್ಟಿಲ ಮೇಲೆ ಟಕ್ ಅಂತ ಬಡಿದು ಹಂಗೇ ಒತ್ತಿ ಹಿಡಿಯಬೇಕು. ಆ ಪೆಟ್ಟಿಗೇ ತಂತಿ ನಡುಗಿ ಸ್ವರ ಹುಟ್ಟುತ್ತದೆ. ಒಂದು ಕೈಯಿಂದಲೇ ಸ್ವರ ಬಂತು ಅಂದಮೇಲೆ ಇನ್ನೊಂದು ಕೈ ಬೇರೆ ಸ್ವರ ನುಡಿಸಬಹುದಲ್ಲವೇ? ಭಜನಿಯಾಗ ತಬಲಾ ನೋಡ್ರಿ. ಎಡಗೈ ಡಗ್ಗಾದ ಮೇಲೆ ದಪ್ಪ ದನಿ, ಬಲಗೈ ತಬಲಾದ ಮೇಲೆ ಸಣ್ಣ ದನಿ. ಇದೂ ಹಂಗೇ.

ಅಷ್ಟು ಸಣ್ಣ ಪೆಟ್ಟು ದೊಡ್ಡದಾಗಿ ಕೇಳುವುದು ಹೇಗೆ? ಬೇಸ್ ಗಿಟಾರಿನ ಒಡಲಲ್ಲಿ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ತಂತಿಯ ಸುರುಳಿ ಇರುತ್ತದೆ. ಉಕ್ಕಿನ ತಂತಿ ಅದರ ಮುಂದೆ ಅಲುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಡ್ಯಾಮಿನ ಪವರ್ ಹೌಸಿನಲ್ಲಿ ನೀರಿನ ಬಲದಿಂದ ದೊಡ್ಡದಾಗಿ ನಡೆಯುವುದೂ ಇದೇ ತತ್ವ.

ಸ್ವಲ್ಪ ಇತಿಹಾಸ

ಅಮೆರಿಕದ ಲಿಯೋ ಫೆಂಡರ್ ಅವರ ಕಂಪನಿ 1951ರಲ್ಲಿ ‘ಪ್ರಿಸಿಷನ್ ಬೇಸ್’ ಮಾರಾಟಕ್ಕೆ ತಂದಿತು. ಎಮೆಟ್ ಚಾಪ್‌ಮನ್ ಎಂಬವರು 1969ರಲ್ಲಿ ಎರಡೂ ಕೈಗಳಿಂದ ತಂತಿ ಬಡಿದು ನುಡಿಸುವ ತಮ್ಮ ಪದ್ಧತಿ ಕಂಡುಕೊಂಡರು. ಅದಕ್ಕಾಗಿಯೇ ‘ಚಾಪ್‌ಮನ್ ಸ್ಟಿಕ್’ ಎಂಬ ಹೊಸ ವಾದ್ಯವನ್ನೇ ಮಾಡಿ 1974ರಿಂದ ಮಾರಿದರು. 1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ಗಿಟಾರಿನಲ್ಲಿ ಟ್ಯಾಪಿಂಗನ್ನು ಜಗತ್ತಿಗೆಲ್ಲ ಕೇಳಿಸಿದರು. ಸ್ಟುವರ್ಟ್ ಹ್ಯಾಮ್ 1988ರ ತಮ್ಮ ಆಲ್ಬಮ್ಮಿನಲ್ಲಿ ಬೀಥೋವನ್ ಪಿಯಾನೋಕ್ಕೆ ಬರೆದ ‘ಮೂನ್‌ಲೈಟ್ ಸೊನಾಟಾ’ವನ್ನು ಬೇಸ್ ಗಿಟಾರ್ ಒಂದರ ಮೇಲೆ ನುಡಿಸಿದ್ದಾರೆ. ಇದನ್ನು ಕಾಕಾಗೆ ಮೊಬೈಲಿನಾಗ ಕೇಳಿಸಿದೆ. ಏನೂ ಅನ್ನಲಿಲ್ಲ. ಎದ್ದು ಹೋಗಿ ಗಿಟಾರಿನ ಧೂಳು ಒರೆಸಿದ.

ಮೊದಲ ತಯಾರಿ

ನಾಕು ತಂತಿಗೆ ದಪ್ಪದಿಂದ ಸಣ್ಣದಕ್ಕೆ ಇ, ಎ, ಡಿ, ಜಿ ಎಂದು ಹೆಸರು. ದಪ್ಪ ‘ಇ’ ತಂತಿ ಸೆಕೆಂಡಿಗೆ ಸುಮಾರು 41 ಸಲ ನಡುಗುತ್ತದೆ, ‘ಜಿ’ ತಂತಿ 98 ಸಲ. ನಡುವೆ ಇರೋ ಲೋಹದ ಗೆರೆಗಳೇ ಮೆಟ್ಟಿಲು. 12ನೇ ಮೆಟ್ಟಿಲಿಗೆ ತಂತಿ ಸರಿಯಾಗಿ ಅರ್ಧ ಆಗ್ತದ. ಅದಕ್ಕೇ ಅಲ್ಲಿ ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರ್ತದ.

1. ಕೂತು ನುಡಿಸಿ. ಕುತ್ತಿಗೆ ಸ್ವಲ್ಪ ಮೇಲಕ್ಕೆ ಎತ್ತಿರಲಿ, ಎರಡೂ ಕೈ ಸಲೀಸಾಗಿ ಮುಟ್ಟಬೇಕು.
2. ಉಗುರು ಕತ್ತರಿಸಿರಬೇಕು.
3. ಬಡಿಯದ ತಂತಿಗಳೂ ಗುಂಯ್ ಅಂತಾವ. ಅದಕ್ಕೆ ಒಂದನೇ ಮೆಟ್ಟಿಲ ಹತ್ತಿರ ಎಲ್ಲ ತಂತಿಗೂ ಸೇರಿಸಿ ಹಳೆ ಕಾಲುಚೀಲ ಸುತ್ತಿ. ಬಡಿದ ಸ್ವರ ಬೆರಳಿನಿಂದ ಆ ಕಡೆ ಹುಟ್ಟುವುದರಿಂದ ಅದಕ್ಕೇನೂ ಆಗೋದಿಲ್ಲ.

ಒಂದನೇ ಪಾಠ: ತಕಿಟ

ಜಿ ತಂತಿ ಒಂದೇ ಸಾಕು. ಎಡಗೈ ತೋರುಬೆರಳು 5ನೇ ಮೆಟ್ಟಿಲಲ್ಲಿ ಒತ್ತಿರಲಿ. ಬಲಗೈ ನಡುಬೆರಳಿಂದ 12ನೇ ಮೆಟ್ಟಿಲಿಗೆ ಬಡಿಯಿರಿ, ‘ತ’. ಆ ಬೆರಳನ್ನು ಎತ್ತುವಾಗ ತಂತಿಯನ್ನು ತುಸು ಪಕ್ಕಕ್ಕೆ ಎಳೆದು ಬಿಡಿ, 5ನೇ ಮೆಟ್ಟಿಲಿನ ಸ್ವರ ಬರ್ತದ, ‘ಕಿ’. ಈಗ ಎಡಗೈ ಕಿರುಬೆರಳಿಂದ 8ಕ್ಕೆ ಬಡಿಯಿರಿ, ‘ಟ’. ಐದನ್ನು ಸ ಅಂತ ಹಿಡಿದರೆ ಇವು ಪ, ಸ, ಕೋಮಲ ಗ. ಮೂರೂ ಒಂದೇ ಅಳತೆಯಲ್ಲಿ ಕೇಳಬೇಕು. ನನಗೆ ಕಿರುಬೆರಳು ಹದಿನೈದು ದಿನ ಮಾತೇ ಕೇಳಲಿಲ್ಲ.

ಬೆರಳು ಮೆಟ್ಟಿಲಿನ ಮೇಲೆ ಅಲ್ಲ, ಅದರ ಸ್ವಲ್ಪ ಹಿಂದೆ, ಅಂದ್ರ ಗಿಟಾರಿನ ತಲೆಯ ಕಡೆಗೆ ಬೀಳಬೇಕು. ದೂರ ಬಿದ್ದರೆ ಬರೀ ಜರ್ ಅಂತದ. ಜೋರಾಗಿ ಗುದ್ದಬಾರದು. ಚುರುಕು ಬೇಕು, ಬಲ ಬೇಡ.

ಎರಡನೇ ಪಾಠ: ಕೈ ಬೇರೆ ಬೇರೆ

ಈಗ ಎಡಗೈ ಡಗ್ಗಾ ಆಗಬೇಕು. ಎ ತಂತಿಯ 3ನೇ ಮೆಟ್ಟಿಲು ಸ, ಡಿ ತಂತಿಯ 5ನೇ ಮೆಟ್ಟಿಲು ಪ. ಎಂಟು ಎಣಿಸಿ. ಒಂದಕ್ಕೆ ಸ, ಐದಕ್ಕೆ ಪ. ಇದನ್ನು ಬಡಿದು ಒತ್ತಿ ಹಿಡಿಯಿರಿ. ಎಡಗೈ ತಾನಾಗೇ ನಡೆಯೋ ತನಕ ಬಲಗೈ ಮುಟ್ಟಬೇಡಿ.

ಆಮೇಲೆ ಬಲಗೈ. ಜಿ ತಂತಿಯ ಮೇಲೆ 5, 7, 9, 12, 14, 17. ಇವು ಸ ರಿ ಗ ಪ ಧ ಸ. ಹಿಂದೂಸ್ತಾನಿಯಲ್ಲಿ ಭೂಪ, ಕರ್ನಾಟಕ ಸಂಗೀತದಲ್ಲಿ ಮೋಹನ. ಮಾತ್ರೆಗೊಂದು ಸ್ವರ ಬಡಿಯುತ್ತ ಮೇಲೆ ಹೋಗಿ, ಕೆಳಗೆ ಬನ್ನಿ. ಮೊದಲು ಬಲಗೈ ಹೋದ ಕಡೆ ಎಡಗೈಯೂ ಓಡ್ತದ. ಬೇಸರ ಮಾಡ್ಕೋಬ್ಯಾಡ್ರಿ, ಅರ್ಧ ವೇಗಕ್ಕೆ ಇಳಿಸಿ.

ಗಿಟಾರ್ ಇಲ್ಲದವರು ಡೆಸ್ಕಿನ ಮೇಲೆ ಮಾಡಬಹುದು. ಎಡಗೈ ಒಂದಕ್ಕೆ ಮತ್ತು ಐದಕ್ಕೆ, ಬಲಗೈ ಎಂಟಕ್ಕೂ. (ಪಾಠ ನಡೆಯುವಾಗ ಬೇಡ!)

ಕರೆಂಟ್ ಹೋದಾಗ

ಪವರ್ ಹೌಸ್ ನಮ್ಮೂರಾಗೇ ಇದ್ದರೂ ಕರೆಂಟ್ ಹೋಗ್ತದ. ಆಗ ಗಿಟಾರಿನ ತಲೆಯನ್ನು ಕಟ್ಟಿಗಿ ಬಾಗಿಲಿಗೆ ಮೆಲ್ಲಗೆ ಆನಿಸಿ ನುಡಿಸಿ. ಬಾಗಿಲೇ ನಡುಗಿ ದನಿ ಕೊಡ್ತದ. ಇದನ್ನು ಹೇಳಿಕೊಟ್ಟವನು ಕಾಕಾನೇ.

ಎಚ್ಚರಿಕೆ: ದಿನಕ್ಕೆ ಹತ್ತು ಹತ್ತು ನಿಮಿಷ ಎರಡು ಸಲ ಸಾಕು. ಬೆರಳ ತುದಿ ಉರಿಯುವುದು ಸಹಜ. ಮಣಿಕಟ್ಟು ನೋಯತೊಡಗಿದರೆ ನಿಲ್ಲಿಸಿ.

ನನಗೆ ಇಲ್ಲಿಗೆ ಬಂದೀತಷ್ಟೇ. ಭೂಪ ಹತ್ತೋದು ಬರ್ತದ, ಇಳಿಯುವಾಗ ಗ ತಪ್ಪತೈತಿ. ಕಾಕಾ ಮಂಚದ ಮೇಲೆ ಕೂತು ತಾಳ ಹಾಕ್ತಾನ, ತಪ್ಪಿದಾಗ ತಾನೇ ಇಸ್ಕೊಂಡು ನುಡಿಸಿ ತೋರಿಸ್ತಾನ. ಹಂಗ ಇಸ್ಕೊಂಡಾಗ ಒಮ್ಮೊಮ್ಮೆ ವಾಪಸ್ ಕೊಡೋದನ್ನೇ ಮರೀತಾನ. ಗೂಟಕ್ಕೆ ಈಗ ಅವನ ಅಂಗಿ ನೇತಾಡ್ತದ.

ಶಾಲೆಯ ವಾರ್ಷಿಕೋತ್ಸವದಾಗ ಗುರುಗಳು ಐದು ನಿಮಿಷ ಕೊಟ್ಟರೆ ಒಂದೇ ಗಿಟಾರಿನಲ್ಲಿ ಹಾಡು, ಬೇಸ್ ಎರಡೂ ಕೇಳಿಸುತ್ತೇವೆ. ನಾನು ತಪ್ಪಿದರೆ ಪಕ್ಕದಾಗ ಕಾಕಾ ಇರ್ತಾನ. ಬರಹದಲ್ಲಿ ತಪ್ಪಿದ್ದರೆ ತಿದ್ದಿ ಹೇಳಿರಿ.

— 9ನೇ ತರಗತಿಯ ವಿದ್ಯಾರ್ಥಿ, ಮುನಿರಾಬಾದ್