ಕಿವಿಯ ಮೇಲಿನ ಕಚ್ಚು

ನಮ್ಮ ರಸ್ತೆಯ ಹಾಲಿನ ಬೂತಿನ ಮುಂದೆ ಮಲಗುವ ಕಂದು ಬಣ್ಣದ ಹೆಣ್ಣುನಾಯಿಗೆ ಒಂದು ಕಿವಿ ಪೂರ್ತಿಯಿಲ್ಲ. ಅಳತೆ ಹಿಡಿದು ಕತ್ತರಿಸಿದ ಹಾಗೆ ಅಂಚಿನಲ್ಲಿ ಸಣ್ಣದೊಂದು ಮುಕ್ಕು. ಪಕ್ಕದಲ್ಲಿ ಕೂತು ಹೂ ಕಟ್ಟುವ ಅಜ್ಜಿ ಅದನ್ನು ಮೊದಲ ಸಲ ನೋಡಿದ ದಿನ ಕಣ್ಣಲ್ಲಿ ನೀರು ತಂದುಕೊಂಡಿದ್ದರು. "ಯಾವ ಪಾಪಿನೋ ಕಿವಿ ಕುಯ್ದು ಬಿಟ್ಟವ್ನೆ ನೋಡಪ್ಪ" ಎಂದರು. "ಇಲ್ಲ ಅಜ್ಜಿ, ಮರಿ ಆಗದ ಹಾಗೆ ಆಪರೇಷನ್ ಮಾಡಿದ್ದಾರೆ. ಹುಚ್ಚು ಹಿಡಿಯದ ಹಾಗೆ ಇಂಜೆಕ್ಷನ್ನೂ ಹಾಕಿದ್ದಾರೆ. ಅದಕ್ಕೇ ಈ ಗುರುತು" ಎಂದೆ. ಅಜ್ಜಿ ಬಾಳೆನಾರನ್ನು ಉಗುರಿನಲ್ಲಿ ಸೀಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಇದಕ್ಕೂ ಯಾರೋ ದಿಕ್ಕು ಅವ್ರೆ ಅನ್ನು" ಅಂದರು.

ಕನ್ನಡದಲ್ಲಿ ಕಚ್ಚು ಎಂಬ ಒಂದೇ ಮಾತು ಹಲ್ಲು ಊರುವುದಕ್ಕೂ ಸಲ್ಲುತ್ತದೆ, ಅಂಚಿನಲ್ಲಿ ಕೊರೆದ ಗುರುತಿಗೂ ಸಲ್ಲುತ್ತದೆ. ಕುರಿಗಾಹಿಗಳು ತಮ್ಮ ಕುರಿಯ ಕಿವಿಗೆ ಕಚ್ಚು ಹಾಕುವುದು ಹಳೆಯ ರೂಢಿ. ಹಿಂಡುಗಳು ಬೆರೆತಾಗ ಯಾರ ಕುರಿ ಯಾವುದೆಂದು ತಿಳಿಯಬೇಕಲ್ಲ. ಅಲ್ಲಿ ಅದು ಒಡೆತನದ ಗುರುತು. ಒಡೆಯನೇ ಇಲ್ಲದ ಬೀದಿನಾಯಿಯ ಕಿವಿಗೆ ಅದೇ ಕಚ್ಚು ಬಿದ್ದದ್ದರ ಹಿಂದೆ ಸುಮಾರು ಇನ್ನೂರು ವರ್ಷಗಳ ಕಥೆಯಿದೆ. ಅದರಲ್ಲಿ ಬಹುಪಾಲು ಕೊಲ್ಲುವ ಕಥೆ.

ಮುಂಬೈಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ವರ್ಷದ ಕೆಲವು ತಿಂಗಳು ಬಿಡಾಡಿ ನಾಯಿಗಳನ್ನು ಕೊಲ್ಲಲು ಅಪ್ಪಣೆ ಕೊಟ್ಟಿತ್ತು. 1832ರಲ್ಲಿ ಆ ಅವಧಿಯನ್ನು ಹಿಗ್ಗಿಸಿದರು. ಕೊಂದ ಒಂದೊಂದು ನಾಯಿಗೆ ಎಂಟಾಣೆ ಇನಾಮು. ಎಂಟಾಣೆಯ ಆಸೆಗೆ ಬಿದ್ದವರು ಮನೆಗಳ ಸಾಕುನಾಯಿಗಳನ್ನೂ ಬಿಡಲಿಲ್ಲ. ಪಾರ್ಸಿಗಳಿಗೆ ನಾಯಿ ಪವಿತ್ರ. ಅವರಲ್ಲಿ ಸತ್ತವರ ದೇಹದ ಮೇಲೆ ನಾಯಿಯ ದೃಷ್ಟಿ ಬೀಳಿಸುವುದು ಅಂತ್ಯಸಂಸ್ಕಾರದ ಒಂದು ಭಾಗ. ಆ ವರ್ಷದ ಜೂನ್ 6ರಂದು ಪಾರ್ಸಿಗಳು ಬೀದಿಗಿಳಿದರು, ಅಂಗಡಿ ಮುಚ್ಚಿಸಿದರು, ಕೊನೆಗೆ ಸೈನ್ಯವನ್ನೇ ಕರೆಸಬೇಕಾಯಿತು. ಹಿಡಿದ ನಾಯಿಗಳನ್ನು ಕೊಲ್ಲುವ ಬದಲು ಊರಾಚೆ ಸಾಗಿಸುವ ರಾಜಿಯೊಂದಿಗೆ ಗಲಾಟೆ ತಣ್ಣಗಾಯಿತು. ಮುಂಬೈ ನಗರ ಕಂಡ ಮೊದಲ ದೊಡ್ಡ ದೊಂಬಿಗಳಲ್ಲೊಂದು ನಾಯಿಗಳಿಗಾಗಿ ನಡೆದದ್ದು ಎಂಬುದು ನಮಗೆ ಮರೆತೇಹೋಗಿದೆ.

ನಮ್ಮ ನಾಡಿನಲ್ಲಿ ನಾಯಿಗೆ ಕಲ್ಲು ಹೊಡೆಯುವುದೂ ಇತ್ತು, ನಾಯಿಗಾಗಿ ಕಲ್ಲು ನಿಲ್ಲಿಸುವುದೂ ಇತ್ತು. ಮಂಡ್ಯ ಸೀಮೆಯ ಆತಕೂರಿನ ಶಾಸನ ಹೇಳುವುದು ಗಂಗರ ವೀರ ಮಣಲೇರ ಮತ್ತು ಅವನ ಬೇಟೆನಾಯಿ ಕಾಳಿಯ ಸಂಗತಿ. ತಕ್ಕೋಲದ ಯುದ್ಧದಲ್ಲಿ ಅವನ ಶೌರ್ಯವನ್ನು ಮೆಚ್ಚಿದ ಅರಸ ಬೇಕಾದ್ದು ಕೇಳು ಎಂದಾಗ ಮಣಲೇರ ಕೇಳಿದ್ದು ಆ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು, ತಾನೂ ಸತ್ತಿತು. ಕ್ರಿ.ಶ. 950ರ ಆಸುಪಾಸಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ, ಹಂದಿ ಎರಡೂ ಎದುರುಬದುರು ನಿಂತಿವೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಆ ಕಲ್ಲಿನ ಮುಂದೆ ಐದು ನಿಮಿಷ ಹೆಚ್ಚು ನಿಲ್ಲಲಿ ಎಂದು ನನ್ನ ಆಸೆ.

ಕೊಲ್ಲುವುದರ ಹಿಂದೆ ಇದ್ದದ್ದು ಕ್ರೌರ್ಯ ಒಂದೇ ಅಲ್ಲ, ಭಯ. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ. ಲೂಯಿ ಪಾಶ್ಚರ್ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಟ್ಟು ಬದುಕಿಸಿದ ನಂತರ ಭಾರತದಲ್ಲೂ ಲಸಿಕೆಯ ಕೇಂದ್ರಗಳು ಎದ್ದವು: 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ. ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯೇ ಬಹುಕಾಲ ನಮ್ಮ ಆಸ್ಪತ್ರೆಗಳನ್ನು ಆಳಿತು. 'ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ' ಎಂದು ನಮ್ಮ ತಾಯಂದಿರು ಹೆದರಿಸುತ್ತಿದ್ದರಲ್ಲ, ಅದು ಈ ಲಸಿಕೆ. ಕೆಲವರಿಗೆ ಅದರಿಂದಲೇ ಲಕ್ವ ಹೊಡೆದದ್ದೂ ಉಂಟು. 2004ರ ಕೊನೆಗೆ ಅದರ ತಯಾರಿಕೆ ನಿಂತಿತು. ಈಗಿನದು ತೋಳಿಗೆ ಹಾಕುವ, ಸುರಕ್ಷಿತವಾದ ಲಸಿಕೆ. ಆದರೆ ಇವೆಲ್ಲ ನಾಯಿ ಕಚ್ಚಿದ ಮೇಲಿನ ಉಪಾಯಗಳು. ಕಚ್ಚುವ ಮುಂಚೆ ಏನು ಮಾಡಬೇಕೆಂಬ ಪ್ರಶ್ನೆಗೆ ಪುರಸಭೆಗಳ ಬಳಿ ಇದ್ದ ಉತ್ತರ ಗುಂಡು, ವಿಷ, ಆಮೇಲೆ ವಿದ್ಯುತ್ತು.

ಬೇರೆ ಉತ್ತರ ಹೊಳೆದದ್ದು ವಿಮಾನ ಹಾರಿಸುತ್ತಿದ್ದ ದಂಪತಿಗೆ. ಕ್ಯಾಪ್ಟನ್ ವಿ. ಸುಂದರಂ ಮೈಸೂರು ಮಹಾರಾಜರ ಡಕೋಟಾ ವಿಮಾನದ ಚಾಲಕರಾಗಿದ್ದವರು. ಪತ್ನಿ ಉಷಾ ಸುಂದರಂ 1949ರಲ್ಲಿ ನಮ್ಮ ಜಕ್ಕೂರಿನ ಸರ್ಕಾರಿ ವಿಮಾನ ಚಾಲನಾ ಶಾಲೆಯಿಂದ ಮೊದಲಿಗರಾಗಿ ಉತ್ತೀರ್ಣರಾದವರು. ಮದ್ರಾಸಿಗೆ ಹೋಗಿ ನೆಲೆಸಿದ ಮೇಲೆ, ಮಳೆಯ ನೆರೆಯಲ್ಲಿ ಸಿಕ್ಕಿಕೊಂಡಿದ್ದ ಎರಡು ನಾಯಿಮರಿಗಳನ್ನು ಮನೆಗೆ ತಂದುಕೊಂಡರು. ಬ್ಲೂ ಕ್ರಾಸ್ ಆಫ್ ಇಂಡಿಯಾ ಹುಟ್ಟಿದ್ದು ಹೀಗೆ. ಮದ್ರಾಸ್ ಕಾರ್ಪೊರೇಷನ್ 1860ರಿಂದ ನಾಯಿಗಳನ್ನು ಹಿಡಿದು ಕೊಲ್ಲುತ್ತಿತ್ತು. ಬ್ಲೂ ಕ್ರಾಸ್‌ನವರು ಕೊಡುವ ಲೆಕ್ಕದ ಪ್ರಕಾರ 1996ರ ಹೊತ್ತಿಗೆ ಆ ಸಂಖ್ಯೆ ದಿನಕ್ಕೆ 135ರವರೆಗೆ ಮುಟ್ಟಿತ್ತು. ಕೊಲ್ಲುವುದರಿಂದ ನಾಯಿಗಳು ಕಡಿಮೆಯಾಗುವುದಾದರೆ ಕೊಲ್ಲಬೇಕಾದ ನಾಯಿಗಳ ಸಂಖ್ಯೆಯೂ ಇಳಿಯಬೇಕಿತ್ತು. ಅದು ಏರುತ್ತಲೇ ಹೋಗಿತ್ತು. ಕೊಲ್ಲಬೇಡಿ, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲೇ ಬಿಡಿ ಎಂದು ಸುಂದರಂ ಕುಟುಂಬ 1964ರಲ್ಲೇ ಹೇಳಿತು. ಕಾರ್ಪೊರೇಷನ್ ಒಪ್ಪಿದ್ದು 1996ರಲ್ಲಿ. ನಡುವಿನ ಮೂವತ್ತೆರಡು ವರ್ಷ ಅವರ ಮಗ ಚಿನ್ನಿ ಕೃಷ್ಣ ಅದೇ ಮಾತನ್ನು ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗಿದರು.

ಕಾನೂನು ಕೂಡ ಅರ್ಧ ದಾರಿಯಲ್ಲಿತ್ತು. ನೃತ್ಯಗಾತಿ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟುಹಿಡಿದದ್ದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅದರಡಿ 1962ರಲ್ಲಿ ಹುಟ್ಟಿದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಆದರೂ ಬೀದಿನಾಯಿಗಳನ್ನು ಕೊಲ್ಲುವ ಅವಕಾಶವನ್ನು ಆ ಕಾಯ್ದೆ ಉಳಿಸಿಕೊಂಡೇ ಇತ್ತು.

ಕೊಂದರೆ ಏಕೆ ಮುಗಿಯುವುದಿಲ್ಲ? ಬೀದಿನಾಯಿಗೆ ತನ್ನದೇ ಎಲ್ಲೆಯಿದೆ. ಹೋಟೆಲಿನ ಹಿಂಬಾಗಿಲು, ಕಸದ ಮೂಲೆ, ಮಾಂಸದಂಗಡಿಯ ಮುಂಗಟ್ಟು ಅದರ ಸೀಮೆ. ಅಲ್ಲಿನ ನಾಯಿಯನ್ನು ತೆಗೆದರೂ ಅನ್ನ ಅಲ್ಲೇ ಇರುತ್ತದೆ. ಪಕ್ಕದ ಬೀದಿಯ ನಾಯಿ ಬರುತ್ತದೆ. ಹೊಸದಾಗಿ ಬಂದದ್ದು ಎಲ್ಲೆಗಾಗಿ ಕಚ್ಚಾಡುತ್ತದೆ, ಜನರ ಗುರುತಿಲ್ಲದೆ ಬೆದರುತ್ತದೆ, ಲಸಿಕೆಯನ್ನಂತೂ ಕಂಡಿರುವುದಿಲ್ಲ. ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಎರಡೇ ತಿಂಗಳಲ್ಲಿ ಈಯುತ್ತದೆ. ಕೊಲ್ಲುವ ಕೈ ಆ ವೇಗಕ್ಕೆ ಸಾಟಿಯಾಗಲಾರದು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದನ್ನೇ ಹೇಳಿತು. ಪ್ರದೇಶವೊಂದರ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೇಬೀಸ್‌ನ ಸರಪಳಿ ಕಡಿಯುತ್ತದೆ ಎಂಬುದು ಇಂದಿಗೂ ಎಲ್ಲರೂ ಹಿಡಿದಿರುವ ಲೆಕ್ಕ.

ಆ ಲೆಕ್ಕ ನೆಲದ ಮೇಲೆ ನಿಜವಾದದ್ದು ಜೈಪುರದಲ್ಲಿ. ಅದರ ಬೇರು ನಮ್ಮ ಬೆಂಗಳೂರಿಗೂ ಚಾಚಿದೆ. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ದೆಹಲಿಯಲ್ಲಿ ಪ್ರಾಣಿಗಳ ಆಶ್ರಯಧಾಮ ಕಟ್ಟಿ, ಜೈಪುರದಲ್ಲಿ 'ಹೆಲ್ಪ್ ಇನ್ ಸಫರಿಂಗ್' ಸಂಸ್ಥೆ ಆರಂಭಿಸಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ 'ಕ್ಯೂಪಾ' ಎಂಬ ಪ್ರಾಣಿದಯಾ ಸಂಸ್ಥೆಗೆ ಅಡಿಪಾಯ ಹಾಕಿದರು. ಎಲ್ಲರೂ ಕೆಲಸ ಬಿಟ್ಟು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಹೊಸ ಊರಿಗೆ ಬಂದು, ರಸ್ತೆ ಬದಿಯ ಗಾಯಗೊಂಡ ಪ್ರಾಣಿಗಳಿಗಾಗಿ ಮೊದಲಿನಿಂದ ಶುರುಮಾಡಿದ ಆ ಜೀವಕ್ಕೆ ಈ ನಗರ ಋಣಿಯಾಗಿರಬೇಕು. ಅವರು ಬಿಟ್ಟುಬಂದ ಜೈಪುರದ ಸಂಸ್ಥೆ 1994ರ ನವೆಂಬರ್‌ನಿಂದ 2002ರ ಕೊನೆಯವರೆಗೆ 24,986 ಬೀದಿನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಲಸಿಕೆ ಹಾಕಿತು. ಕೆಲಸ ನಡೆದ ಬಡಾವಣೆಗಳಲ್ಲಿ ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು, ಮನುಷ್ಯರ ರೇಬೀಸ್ ಸಾವು ಸೊನ್ನೆಗೆ ಬಂತು. ಯೋಜನೆ ಮುಟ್ಟದ ಕಡೆ ಸಾವು ಹೆಚ್ಚಿದ್ದವು.

2001ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳನ್ನು ಹೊರಡಿಸಿತು. ಎಲ್ಲರ ಬಾಯಲ್ಲಿ ಈಗ ಅದು 'ಎಬಿಸಿ'. ಕಿವಿಯ ಗುರುತು ನಿಯಮವಾಗಿ ಸೇರಿದ್ದು ಅಲ್ಲಿ.

ಕಚ್ಚು ಬೀಳುವ ದಿನ ಹೇಗಿರುತ್ತದೆ? ಬೆಳಗಿನ ಜಾವ ವ್ಯಾನು ಬರುತ್ತದೆ. ಬಲೆ ಹಿಡಿದವರು ಎರಡು ದಿಕ್ಕಿನಿಂದ ಸುತ್ತುಗಟ್ಟುತ್ತಾರೆ. ಒಂದು ಸಿಕ್ಕಿಬಿದ್ದರೆ ಬೀದಿಯ ಉಳಿದ ನಾಯಿಗಳೆಲ್ಲ ಬೊಗಳಿ ಚದುರುತ್ತವೆ. ಹಿಡಿದ ಜಾಗವನ್ನು ಬರೆದುಕೊಳ್ಳಬೇಕು, ಏಕೆಂದರೆ ಅಲ್ಲಿಗೇ ತಂದು ಬಿಡಬೇಕು. ಕೇಂದ್ರದಲ್ಲಿ ರಾತ್ರಿ ಉಪವಾಸ, ಮರುದಿನ ಅರಿವಳಿಕೆ. ಹೆಣ್ಣಾದರೆ ಹೊಟ್ಟೆಯ ಕೂದಲು ಬೋಳಿಸಿ, ಸಣ್ಣ ಗಾಯ ಮಾಡಿ, ಅಂಡಾಶಯ ಮತ್ತು ಗರ್ಭಕೋಶ ತೆಗೆಯುತ್ತಾರೆ. ಒಳಗಿನ ಹೊಲಿಗೆ ತಾನೇ ಕರಗುವ ದಾರದ್ದು. ಬೀದಿನಾಯಿ ಹೊಲಿಗೆ ಬಿಚ್ಚಿಸಿಕೊಳ್ಳಲು ವಾರ ಬಿಟ್ಟು ಬಂದೀತೇ? ಗಂಡಾದರೆ ಕೆಲಸ ಬೇಗ ಮುಗಿಯುತ್ತದೆ. ನಾಯಿಗೆ ಇನ್ನೂ ಎಚ್ಚರವಿಲ್ಲದಿರುವಾಗಲೇ ಕಿವಿಯ ಅಂಚನ್ನು ಕತ್ತರಿಸಿ, ರಕ್ತ ಒಸರದಂತೆ ಸುಡುತ್ತಾರೆ. ರೇಬೀಸ್ ಲಸಿಕೆ ಕೊಡುತ್ತಾರೆ. ಗಾಯ ಮಾಗುವ ತನಕ ಕೆಲವು ದಿನ ಗೂಡಿನಲ್ಲಿಟ್ಟು, ಅದೇ ವ್ಯಾನಿನಲ್ಲಿ ಅದೇ ಬೀದಿಗೆ.

ಕಿವಿಯೇ ಏಕೆ ಎಂದರೆ, ಬೇರೆ ದಾರಿಯಿಲ್ಲ. ಹೊಟ್ಟೆಯ ಗಾಯದ ಮೇಲೆ ಕೂದಲು ಬೆಳೆದು ಮುಚ್ಚುತ್ತದೆ. ಕೊರಳಪಟ್ಟಿ ಬಿದ್ದುಹೋಗುತ್ತದೆ, ಇಲ್ಲವೇ ಬೆಳೆಯುವ ನಾಯಿಯ ಕತ್ತು ಬಿಗಿಯುತ್ತದೆ. ಕಿವಿಯೊಳಗಿನ ಹಚ್ಚೆ ಓದಲು ಮತ್ತೆ ಹಿಡಿಯಬೇಕು. ಕಚ್ಚು ಮಾತ್ರ ಇಪ್ಪತ್ತು ಅಡಿ ದೂರದಿಂದ ಕಾಣುತ್ತದೆ, ಸಾಯುವ ತನಕ ಇರುತ್ತದೆ. ಆ ಗುರುತಿಲ್ಲದಿದ್ದರೆ ಮುಂದಿನ ವರ್ಷ ಅದೇ ನಾಯಿಯನ್ನು ಹಿಡಿದು ಎರಡನೆಯ ಸಲ ಹೊಟ್ಟೆ ಕೊಯ್ಯುವ ಅಪಾಯವಿದೆ. ಕ್ರೂರವೆಂದು ಕಾಣುವ ಆ ಕತ್ತರಿ ನಾಯಿಯನ್ನು ಮತ್ತೊಂದು ಕತ್ತಿಯಿಂದ ಕಾಯುತ್ತದೆ. ಬೆಕ್ಕುಗಳಿಗೂ ಹಲವೆಡೆ ಇದೇ ಉಪಾಯ; ಅವುಗಳ ಕಿವಿಯ ತುದಿಯನ್ನು ನೇರವಾಗಿ ಕತ್ತರಿಸುತ್ತಾರೆ.

ದಾರಿ ಸಲೀಸಾಗಿರಲಿಲ್ಲ. 2007ರ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಇಬ್ಬರು ಚಿಕ್ಕ ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದರು. ಆ ತಾಯಂದಿರ ಮುಂದೆ ನಿಂತು ಸಂತಾನಹರಣದ ಲೆಕ್ಕ ಹೇಳುವ ಧೈರ್ಯ ಯಾರಿಗೂ ಬರಬಾರದು. ಊರು ಸಿಟ್ಟಿಗೆದ್ದಿತು, ನಾಯಿಗಳನ್ನು ಮನಬಂದಂತೆ ಹಿಡಿದು ಕೊಂದರು. ಕಿವಿಗೆ ಕಚ್ಚು ಬಿದ್ದವು, ಲಸಿಕೆ ಪಡೆದವು ಎಂಬ ಭೇದ ಆ ದಿನಗಳಲ್ಲಿ ಉಳಿಯಲಿಲ್ಲ. ನಾಯಿಯನ್ನು ಪ್ರೀತಿಸುವವರು ಈ ಸಾವುಗಳನ್ನು ಮರೆತು ಮಾತಾಡಬಾರದು. ಕಚ್ಚಿಸಿಕೊಳ್ಳುವವರಲ್ಲಿ ಹೆಚ್ಚಿನವರು ಕಾರಿನಲ್ಲಿ ಓಡಾಡುವವರಲ್ಲ. ಬೀದಿಯಲ್ಲಿ ಆಡುವ ಮಕ್ಕಳು, ನಸುಕಿನಲ್ಲಿ ಕೆಲಸಕ್ಕೆ ಹೊರಟವರು.

ಆದರೂ ಕೆಲಸ ಸಾಗಿತು. ಬಿಬಿಎಂಪಿ 2019ರಲ್ಲಿ ಎಣಿಸಿದಾಗ ನಗರದಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು, 2023ರ ಎಣಿಕೆಯಲ್ಲಿ ಸುಮಾರು 2.79 ಲಕ್ಷ. ಸಂತಾನಹರಣ ಆದವುಗಳ ಪಾಲು ನೂರಕ್ಕೆ 51ರಿಂದ ಸುಮಾರು 72ಕ್ಕೆ ಏರಿತ್ತು. ಜನ ಹೆಚ್ಚುತ್ತಾ, ಕಸ ಹೆಚ್ಚುತ್ತಾ ಹೋದ ಊರಿನಲ್ಲಿ ನಾಯಿಗಳು ಕಡಿಮೆಯಾದದ್ದು ಸಣ್ಣ ಮಾತಲ್ಲ. ಅದೇ 2023ರ ಮಾರ್ಚ್‌ನಲ್ಲಿ ಕೇಂದ್ರದ ನಿಯಮಗಳೂ ಹೊಸದಾದವು.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳನ್ನೆಲ್ಲ ಎತ್ತಿ ಆಶ್ರಯತಾಣಗಳಿಗೆ ಸೇರಿಸಲು ಹೇಳಿತು. ಹನ್ನೊಂದು ದಿನಗಳ ನಂತರ ಅದನ್ನು ಬದಲಿಸಿ, ರೇಬೀಸ್ ತಗುಲಿದ ಮತ್ತು ಆಕ್ರಮಣಕಾರಿ ನಾಯಿಗಳ ಹೊರತು ಉಳಿದವನ್ನು ಚಿಕಿತ್ಸೆಯ ನಂತರ ಹಿಡಿದಲ್ಲೇ ಬಿಡಿ ಎಂದಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಹಿಡಿದವನ್ನು ಮರಳಿ ಅಲ್ಲಿಗೆ ಬಿಡಬಾರದೆಂದು ಆದೇಶವಾಯಿತು. ಆಸ್ಪತ್ರೆಯ ವಾರ್ಡಿನೊಳಗೆ ನಾಯಿ ಇರಬಾರದು, ನಿಜ. ಆದರೆ ಆ ಆವರಣದ ಅನ್ನದ ಕಸ ಹಾಗೇ ಉಳಿದರೆ ಮುಂದಿನ ನಾಯಿ ಬಂದೇ ಬರುತ್ತದೆ, ಅದರ ಕಿವಿ ಪೂರ್ತಿಯಿರುತ್ತದೆ ಎಂಬುದು ನನ್ನ ಆತಂಕ.

ಕಚ್ಚು ಹೇಳದ ಒಂದು ಸಂಗತಿಯೂ ಇದೆ. ಶಸ್ತ್ರಚಿಕಿತ್ಸೆ ಜೀವಮಾನಕ್ಕೆ ಒಂದೇ ಸಲ. ಲಸಿಕೆಯನ್ನು ಮಾತ್ರ ಮತ್ತೆ ಮತ್ತೆ ಹಾಕಬೇಕು. ಐದು ವರ್ಷದ ಹಿಂದೆ ಕಚ್ಚು ಬಿದ್ದ ಕಿವಿ ಇವತ್ತಿನ ಲಸಿಕೆಗೆ ಸಾಕ್ಷಿಯಲ್ಲ. ಹಾಗಾಗಿ ಆ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಲೇಬೇಕು. ನಮ್ಮ ನೆರೆಯ ಗೋವಾದಲ್ಲಿ 'ಮಿಷನ್ ರೇಬೀಸ್' ತಂಡದವರು ಸರ್ಕಾರದೊಡನೆ ಸೇರಿ ವರ್ಷವರ್ಷವೂ ಬೀದಿ ಬೀದಿ ಸುತ್ತಿ, ಲಸಿಕೆ ಹಾಕಿದ ನಾಯಿಗೆ ಬಣ್ಣದ ಗುರುತು ಬಳಿದು, ಫೋನಿನಲ್ಲಿ ದಾಖಲಿಸುತ್ತಾ ಹೋದರು. 2018ರಿಂದ ಮೂರು ವರ್ಷ ಅಲ್ಲಿ ಒಬ್ಬರೂ ರೇಬೀಸ್‌ನಿಂದ ಸಾಯಲಿಲ್ಲ. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಣೆಯಾಯಿತು. ಕರ್ನಾಟಕ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿಸಿತು. ಗೋವಾದವರ ವಾರ್ಷಿಕ ಪಟ್ಟನ್ನು ನಮ್ಮ ತಾಲ್ಲೂಕು ಕೇಂದ್ರಗಳು ಹಿಡಿಯುವುದು ಯಾವಾಗ ಎಂದು ಕೇಳುತ್ತಲೇ ಇರಬೇಕು.

ಹೋದ ವಾರ ಬೂತಿನ ಮುಂದೆ ಹೊಸದೊಂದು ನಾಯಿ ಕಾಣಿಸಿಕೊಂಡಿತು. ಬಿಳಿಯದು, ಇನ್ನೂ ವರ್ಷ ತುಂಬದ ಹೆಣ್ಣು. ನಾನು ಹಾಲಿಗೆ ಹೋದಾಗ ಅಜ್ಜಿ ಕನಕಾಂಬರದ ಮಾಲೆಯಿಂದ ತಲೆಯೆತ್ತದೆ ಹೇಳಿದರು: "ಇದರ ಕಿವಿ ಎಲ್ಡೂ ಪೂರ್ತಿ ಐತೆ ಕಣಪ್ಪ. ವ್ಯಾನಿನವ್ರಿಗೆ ಒಂದು ಫೋನ್ ಮಾಡ್ಬಿಡು."