ಕೇಸ್ ಶೀಟಿನ ಮೊದಲ ಸಾಲು

ಕೂಡ್ಲಿಗಿ, ಕಾನಹೊಸಹಳ್ಳಿ ಕಡೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಾರು ಗುದ್ದಿ ಕಾಲು ಮುರಿದರೆ, ಗಾಯಾಳುವನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬಳ್ಳಾರಿಗೋ ದಾವಣಗೆರೆಗೋ ಒಯ್ಯುತ್ತಾರೆ. ಕೊಟ್ಟೂರು, ಹರಪನಹಳ್ಳಿಯವರು ಓಡುವುದು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ. ಹಡಗಲಿಯವರಲ್ಲಿ ಹುಬ್ಬಳ್ಳಿಯ ಕಿಮ್ಸ್‌ಗೆ ಹೋಗುವವರೂ ಇದ್ದಾರೆ. ಠಾಣೆ ಒಂದು ಜಿಲ್ಲೆಯಲ್ಲಿ, ಆಪರೇಷನ್ ಇನ್ನೊಂದು ಜಿಲ್ಲೆಯಲ್ಲಿ. ಈ ಗಡಿಬಿಡಿಯಲ್ಲಿ ತುರ್ತು ವಿಭಾಗದ ಡಾಕ್ಟರು "ಹೇಗಾಯ್ತು?" ಎಂದು ಕೇಳುತ್ತಾರೆ. ಜೊತೆಗೆ ಬಂದವರಲ್ಲಿ ಒಬ್ಬರು "ಬೈಕ್ ಸ್ಕಿಡ್ ಆಗಿ ಬಿದ್ದ ಸರ್" ಎಂದುಬಿಡುತ್ತಾರೆ. ಡಾಕ್ಟರು ಹಾಗೆಯೇ ಬರೆದುಕೊಳ್ಳುತ್ತಾರೆ. ಗುದ್ದಿದ ಕಾರಿನ ಸುದ್ದಿಯೇ ಅಲ್ಲಿಲ್ಲ.

ಯಾರಿಗೋ ಮೋಸ ಮಾಡಬೇಕೆಂದು ಹೇಳಿದ ಮಾತಲ್ಲ ಅದು. ಪೊಲೀಸ್ ಕೇಸಾದರೆ ಚಿಕಿತ್ಸೆ ತಡವಾದೀತು, ಠಾಣೆ ಅಲೆಯಬೇಕಾದೀತು ಎಂಬ ಭಯ, ಅಷ್ಟೇ. ಆ ಭಯಕ್ಕೆ ಕಾರಣವಿಲ್ಲ. ಮೊದಲು ಜೀವ ಉಳಿಸಿ, ಕಾನೂನಿನ ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೂ ಅವಕಾಶವಿದೆ. ಆದರೆ ಕೇಸ್ ಶೀಟಿನಲ್ಲಿ ಒಮ್ಮೆ ಬರೆದ ಸಾಲು ಹಾಗೇ ಉಳಿಯುತ್ತದೆ. ಮುಂದೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ಪಾಟೀಸವಾಲಿಗೆ ಎದ್ದಾಗ ಅದನ್ನೇ ಮುಂದಿಡುತ್ತಾರೆ: "ನೀವೇ ಬಿದ್ದಿದ್ದೀರಿ, ಕಾರನ್ನು ಆಮೇಲೆ ಸೇರಿಸಿದ್ದೀರಿ." ದೂರು ನಾಲ್ಕು ದಿನ ತಡವಾದದ್ದನ್ನು ಕೋರ್ಟುಗಳು ಅರ್ಥ ಮಾಡಿಕೊಳ್ಳುತ್ತವೆ. ಎಫ್‌ಐಆರ್ ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದ್ದೂ ಉಂಟು. ಗಾಯಾಳುವಿನ ಕಡೆಯವರೇ ಹೇಳಿ ಬರೆಸಿದ ತಪ್ಪು ಸಾಲನ್ನು ಅಳಿಸುವುದು ಮಾತ್ರ ಬಹಳ ಕಷ್ಟ. ಅದಕ್ಕೇ ನಾನು ಒತ್ತಿ ಹೇಳುವುದು: ಆಸ್ಪತ್ರೆಗೆ ಕರೆದೊಯ್ಯುವವರು ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಯಾವ ಗಾಡಿ, ಎಲ್ಲಿ, ಎಷ್ಟು ಹೊತ್ತಿಗೆ. ನಂಬರ್ ಕಂಡಿದ್ದರೆ ಅದೂ.

ಇನ್ನೊಂದು ಅನ್ಯಾಯ ಊರಿನ ಕಟ್ಟೆಯ ಮೇಲೆ ನಡೆಯುತ್ತದೆ. "ಗುದ್ದಿದವನು ನಮ್ಮ ಪೈಕಿಯವನೇ, ಕೇಸು ಯಾಕೆ, ಖರ್ಚಿಗೆ ಒಂದಿಷ್ಟು ಕೊಡಿಸ್ತೀವಿ" ಎಂದು ಹಿರಿಯರು ರಾಜಿ ಮಾಡಿಸುತ್ತಾರೆ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಕಾರಿಗೆ ಚಾಲ್ತಿ ಥರ್ಡ್ ಪಾರ್ಟಿ ವಿಮೆ ಇದ್ದರೆ ಪರಿಹಾರ ಹೋಗುವುದು ವಿಮಾ ಕಂಪನಿಯಿಂದ, ಕಾರಿನವನ ಮನೆಯಿಂದಲ್ಲ. ಕೊಟ್ಟ ಹಣ ಮೊದಲ ಆಪರೇಷನ್‌ಗೇ ಮುಗಿಯುತ್ತದೆ. ಒಳಗೆ ಕೂರಿಸಿದ ರಾಡು ತೆಗೆಸುವ ಎರಡನೇ ಆಪರೇಷನ್‌ಗೆ ಮತ್ತೆ ಸಾಲ.

ನ್ಯಾಯಮಂಡಳಿಯ ಲೆಕ್ಕ ಒಮ್ಮೆ ನೋಡಿ. ಮೂವತ್ತನಾಲ್ಕು ವರ್ಷದ ಕೂಲಿಯ ಆದಾಯ ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1,44,000. ಆ ವಯಸ್ಸಿಗೆ ಸುಪ್ರೀಂ ಕೋರ್ಟು 2009ರಲ್ಲಿ ನಿಗದಿ ಮಾಡಿದ ಗುಣಕ 16. ದುಡಿಮೆಯ ಶಕ್ತಿ ನೂರಕ್ಕೆ 15ರಷ್ಟು ಕುಂದಿದೆ ಎಂದಾದರೆ ಅದೊಂದೇ ಬಾಬ್ತಿಗೆ 3,45,600 ರೂಪಾಯಿ. ಆಸ್ಪತ್ರೆ ಖರ್ಚು, ನೋವು, ಮಲಗಿದ್ದಷ್ಟು ತಿಂಗಳ ಕೂಲಿ, ಮುಂದಿನ ಚಿಕಿತ್ಸೆ, ಬಡ್ಡಿ ಇವೆಲ್ಲ ಬೇರೆ. ಕೂಲಿ ಮಾಡುವವರ ಬಳಿ ಸಂಬಳದ ಚೀಟಿ ಎಲ್ಲಿರುತ್ತದೆ? ಕರ್ನಾಟಕದ ಕೂಲಿಕಾರರೊಬ್ಬರ ಪ್ರಕರಣದಲ್ಲಿ ನ್ಯಾಯಮಂಡಳಿ ತಿಂಗಳ ಆದಾಯ 3,000 ಎಂದು ಹಿಡಿದಿತ್ತು. ಕೂಲಿಯಿಂದ ದಾಖಲೆ ನಿರೀಕ್ಷಿಸಲಾಗದು ಎಂದ ಸುಪ್ರೀಂ ಕೋರ್ಟು 2011ರಲ್ಲಿ ಅವರು ಹೇಳಿದ 4,500 ರೂಪಾಯಿಯನ್ನೇ ಒಪ್ಪಿತು. ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯೊಬ್ಬರ ಪ್ರಕರಣವೂ ನಮ್ಮ ರಾಜ್ಯದ್ದೇ. ಹೈಕೋರ್ಟು ಅವರ ದುಡಿಮೆಯ ನಷ್ಟವನ್ನು ಶೇಕಡಾ 65 ಎಂದಿತ್ತು, ಸುಪ್ರೀಂ ಕೋರ್ಟು 2014ರಲ್ಲಿ 85ಕ್ಕೆ ಏರಿಸಿತು. ಆಫೀಸಿನಲ್ಲಿ ಕೂತು ಕೆಲಸ ಮಾಡುವವರ ಮೊಣಕಾಲಿಗೂ ಸಜ್ಜೆ ಹೊಲದಲ್ಲಿ ಬಗ್ಗಿ ದುಡಿಯುವವರ ಮೊಣಕಾಲಿಗೂ ಒಂದೇ ಲೆಕ್ಕ ಹಾಕಲಾಗದು. ಹಾಗಾಗಿ ಗಾಯದ ಪ್ರಮಾಣಪತ್ರ, ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು, ಬಾಡಿಗೆ ಗಾಡಿಯ ರಸೀದಿ ಎಲ್ಲವನ್ನೂ ಒಂದೇ ಚೀಲದಲ್ಲಿ ಜೋಪಾನವಾಗಿಡಿ.

ಕೊಟ್ಟೂರೇಶ್ವರನ ತೇರಿಗೆ, ಮೈಲಾರದ ಕಾರ್ಣಿಕಕ್ಕೆ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯಿಂದ ಟ್ರ್ಯಾಕ್ಟರ್ ಟ್ರೇಲರ್ ತುಂಬ ಜನ ಹೋಗುತ್ತಾರೆ. ಆ ಟ್ರ್ಯಾಕ್ಟರೇ ಮಗುಚಿದರೆ ಟ್ರೇಲರಿನಲ್ಲಿದ್ದವರಿಗೆ ಅದರ ವಿಮೆ ಸಾಮಾನ್ಯವಾಗಿ ರಕ್ಷಣೆ ಕೊಡುವುದಿಲ್ಲ. ಅದು ಬೇಸಾಯಕ್ಕೆ, ಸಾಮಾನು ಸಾಗಣೆಗೆ ಮಾಡಿಸಿದ ಪಾಲಿಸಿ. ಪರಿಹಾರದ ಹೊರೆ ಟ್ರ್ಯಾಕ್ಟರಿನ ಮಾಲೀಕ ರೈತನ ಹೆಗಲಿಗೆ ಬೀಳುತ್ತದೆ. ಕೊಡಲು ಅವರ ಬಳಿ ಇರುವುದು ಎರಡೋ ಮೂರೋ ಎಕರೆ ಜಮೀನು. ಎರಡು ಮನೆಗಳೂ ಮುಳುಗುವ ಈ ಪ್ರಯಾಣ ನಿಲ್ಲಬೇಕು, ಜಾತ್ರೆಗೆ ಬಸ್ಸುಗಳು ಸಾಕಷ್ಟು ಓಡಬೇಕು.

2022ರ ಏಪ್ರಿಲ್‌ನಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮವಿದೆ. ತಡವಾಯಿತೆಂಬ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟಿದೆ. ಆದರೂ ಅದನ್ನೇ ನೆಚ್ಚಿ ಕೂರಬೇಡಿ. ವಕೀಲರ ಫೀಸಿಗೆ ಹೆದರುವ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು. ಸಹಾಯವಾಣಿ 15100. ಅಪಘಾತ ಎಲ್ಲೇ ಆಗಿರಲಿ, ಗಾಯಾಳು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಲು ಕಾನೂನು ಬಿಡುತ್ತದೆ. ಗುಳೆ ಹೋಗುವವರು ಇದನ್ನು ತಿಳಿದಿರಬೇಕು. ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಹೋದ ಹರಪನಹಳ್ಳಿಯ ಹೆಣ್ಣುಮಗಳಿಗೆ ಅಲ್ಲಿ ಕಾರು ಗುದ್ದಿದರೆ, ಆಕೆ ಊರಿಗೆ ಬಂದು ಇಲ್ಲಿಯೇ ಕೇಸು ನಡೆಸಬಹುದು. ಅಲ್ಲಿನ ಠಾಣೆಯ ಎಫ್‌ಐಆರ್ ಪ್ರತಿ ಮತ್ತು ಅಲ್ಲಿನ ಆಸ್ಪತ್ರೆಯ ಕಾಗದಗಳನ್ನು ಮಾತ್ರ ಬರುವಾಗ ಜೊತೆಗೇ ತರಬೇಕು.